ಪಂಪುಮನೆಗೆ ಅಳತೆ ಉಪಕರಣಗಳು: ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಂದ ರೈತರು ಕಲಿಯಬಹುದಾದ ಪಾಠ

ಮುಸುಕಿನ ಜೋಳದಲ್ಲಿ ಗಂಡು ಹೂ ಹೊರಬಂದು ತೆನೆಯ ರೇಷ್ಮೆ ಎಳೆಗಳು ಕಾಣಿಸಿಕೊಳ್ಳುವ ಸಮಯದಲ್ಲಿ ಒಂದು ವಾರ ನೀರು ತಪ್ಪಿದರೆ, ಆ ಬಳಿಕ ಎಷ್ಟೇ ನೀರು ಹಾಯಿಸಿದರೂ ಹೋದ ಇಳುವರಿ ಮರಳಿ ಬಾರದು. ಬತ್ತಕ್ಕೆ ತೆನೆ ಮೂಡುವುದರಿಂದ ಹೂ ಬಿಡುವವರೆಗಿನ ಕಾಲವೂ, ಶೇಂಗಾಕ್ಕೆ ಹೂ ಬಿಟ್ಟು ಕಾಯಿ ಕಟ್ಟುವ ಕಾಲವೂ ಇಂತಹವೇ ಸಂದಿಗ್ಧ ಹಂತಗಳು. ಕೊಳವೆ ಬಾವಿಯ ಮೋಟಾರು ಸುಡುವುದಕ್ಕೆ ಈ ದಿನಗಳೇ ಬೇಕೆಂದಿಲ್ಲ. ಆದರೆ ಪಂಪು ಹೆಚ್ಚು ಹೊತ್ತು ಓಡುವುದು ಈ ದಿನಗಳಲ್ಲಿಯೇ. ಮೋಟಾರು ಸುಟ್ಟಾಗ ರೈತ ಪೈಪು ಎತ್ತುವ ಕೂಲಿ, ವೈಂಡಿಂಗಿನ ಖರ್ಚು ಇವನ್ನು ಮೊದಲು ಲೆಕ್ಕ ಹಾಕುತ್ತಾನೆ. ದೊಡ್ಡ ನಷ್ಟ ಹೊಲದಲ್ಲಿ ಆಗಿರುತ್ತದೆ.

ಮೋಟಾರು ಸುಡುವ ಮೊದಲು ಅನೇಕ ಸಂದರ್ಭಗಳಲ್ಲಿ ಮುನ್ಸೂಚನೆ ಇರುತ್ತದೆ. ಅದು ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಮೀಟರಿಗೆ ಮಾತ್ರ ಕಾಣುತ್ತದೆ. ಯಾವ ಮೀಟರು ಕೊಳ್ಳಬೇಕು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬ ವಿಷಯದಲ್ಲಿ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಅನುಭವ ರೈತರಿಗೆ ಬಹಳ ಉಪಯುಕ್ತವಾಗಿದೆ.

ಹವ್ಯಾಸಿಗಳ ರೂಢಿ

ರೇಡಿಯೋ, ಆಂಪ್ಲಿಫೈಯರು, ಬ್ಯಾಟರಿ ಚಾರ್ಜರು, ನೀರಿನ ಮಟ್ಟ ತೋರಿಸುವ ಸಾಧನ ಮುಂತಾದವನ್ನು ಸ್ವಂತ ಆಸಕ್ತಿಯಿಂದ ಕಟ್ಟುವವರನ್ನು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಎನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಹುಡುಕುವ ಇಂತಹವರನ್ನು ಯಾವ ದಿನವೂ ನೋಡಬಹುದು. ಹಳ್ಳಿಗಳಲ್ಲಿಯೂ ಇವರಿಗೆ ಕೊರತೆಯಿಲ್ಲ. ಐ.ಟಿ.ಐ. ಅಥವಾ ಡಿಪ್ಲೊಮಾ ಓದಿದ ಯುವಕರು, ಮೊಬೈಲು ರಿಪೇರಿ ಮಾಡುವವರು ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರು ಸಿಗುತ್ತಾರೆ.

ಈ ಹವ್ಯಾಸಿಗಳಲ್ಲಿ ಒಂದು ಒಳ್ಳೆಯ ರೂಢಿ ಇದೆ. ಒಬ್ಬನು ಹೊಸದಾಗಿ ಒಂದು ಹತಾರವನ್ನೋ ಮೀಟರನ್ನೋ ಕೊಂಡರೆ ಅದನ್ನು ಉಳಿದವರಿಗೆ ತೋರಿಸುತ್ತಾನೆ. ಯಾವ ಕೆಲಸಕ್ಕೆ ಕೊಂಡದ್ದು, ಹೊಸದೋ ಹಳೆಯದೋ, ಎಷ್ಟು ಬೆಲೆ ಕೊಟ್ಟದ್ದು, ನಂಬಿಕೆಯ ಇನ್ನೊಂದು ಮೀಟರಿನ ಪಕ್ಕದಲ್ಲಿಟ್ಟಾಗ ಎಷ್ಟು ವ್ಯತ್ಯಾಸ ಬಂತು, ಮುಚ್ಚಳ ಬಿಚ್ಚಿದಾಗ ಒಳಗೆ ಎಂತಹ ಫ್ಯೂಸು ಕಂಡಿತು ಎಂಬುದನ್ನೆಲ್ಲ ಹೇಳುತ್ತಾನೆ. ಮೋಸ ಹೋಗಿದ್ದರೆ ಅದನ್ನೂ ಮುಚ್ಚಿಡದೆ ಹೇಳುತ್ತಾನೆ. ಹೀಗೆ ಒಬ್ಬನ ಹಣದಿಂದ ಹತ್ತು ಜನರಿಗೆ ಪಾಠವಾಗುತ್ತದೆ.

ಈ ರೂಢಿ ಬೆಳೆಯಲು ಕಾರಣ ಉಪಕರಣಗಳ ಬೆಲೆ. ವೋಲ್ಟು, ಆಂಪಿಯರ್, ಓಂ ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಆವೋಮೀಟರು 1923ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂತು. ಅದು ವೃತ್ತಿನಿರತರ ಕೈಗೆ ಮಾತ್ರ ಎಟುಕುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಸೈನ್ಯದಲ್ಲಿ ಉಳಿದ ಸಾಮಗ್ರಿ ಅಗ್ಗವಾಗಿ ಪೇಟೆಗೆ ಬಂದಾಗ ಹವ್ಯಾಸಿಗಳಿಗೆ ಸುಗ್ಗಿಯಾಯಿತು. ಅಂತಹ ಬಿಡಿಭಾಗಗಳನ್ನು ಬಳಸಿ ಅಮೆರಿಕದ ಹೀತ್‌ಕಿಟ್ ಸಂಸ್ಥೆ 1947ರಲ್ಲಿ, ಕೊಂಡವರು ತಾವೇ ಜೋಡಿಸಿಕೊಳ್ಳಬೇಕಾದ ಆಸಿಲೋಸ್ಕೋಪನ್ನು 50 ಡಾಲರಿಗಿಂತ ಕಡಿಮೆ ಬೆಲೆಗೆ ಕೊಟ್ಟಿತು. ಇತ್ತೀಚಿನ ವರ್ಷಗಳಲ್ಲಿ ಜರ್ಮನಿಯ ಹವ್ಯಾಸಿಗಳು ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟ ಬಿಡಿಭಾಗ ಪರೀಕ್ಷಕದ ನಕ್ಷೆ ಹಿಡಿದು ತಯಾರಾದ ಸಣ್ಣ ಸಾಧನ ಇಂದು ಕಡಿಮೆ ಬೆಲೆಗೆ ಸಿಗುತ್ತದೆ.

ಹವ್ಯಾಸಿ ಕೊಳ್ಳುವುದೆಲ್ಲ ರೈತನಿಗೆ ಬೇಕೆ?

ಬೇಡ. ಹವ್ಯಾಸಿಯ ಮೇಜಿನ ಮೇಲೆ ಬೆಸುಗೆ ಕಡ್ಡಿ, ಮಲ್ಟಿಮೀಟರು, ಹೊಂದಿಸಬಹುದಾದ ವಿದ್ಯುತ್ ಪೂರೈಕೆ ಪೆಟ್ಟಿಗೆ, ವಿದ್ಯುತ್ತಿನ ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪು ಎಲ್ಲವೂ ಇರಬಹುದು. ಕೊಳ್ಳುವ ಸಂತೋಷಕ್ಕಾಗಿಯೇ ಕೊಂಡು ಮೂಲೆಗಿಟ್ಟ ವಸ್ತುಗಳೂ ಇರುತ್ತವೆ. ಇದನ್ನು ಅವರೇ ನಗುತ್ತಾ ಒಪ್ಪಿಕೊಳ್ಳುತ್ತಾರೆ. ಅವರಲ್ಲಿ ಅನುಭವಿಗಳು ಹೊಸಬರಿಗೆ ಕೊಡುವ ಸಲಹೆ ಒಂದೇ: ಮೊದಲು ಪ್ರಶ್ನೆ, ಆಮೇಲೆ ಉಪಕರಣ.

ಪಂಪುಸೆಟ್ಟಿನ ಬಳಿ ರೈತನಿಗೆ ಏಳುವ ಪ್ರಶ್ನೆಗಳು ಮುಖ್ಯವಾಗಿ ಮೂರು.

1. ಮೂರು ಫೇಸುಗಳಲ್ಲಿಯೂ ಸರಿಯಾದ ವೋಲ್ಟೇಜು ಬರುತ್ತಿದೆಯೇ? ಇದಕ್ಕೆ ಮಲ್ಟಿಮೀಟರು.
2. ಮೋಟಾರು ಎಳೆಯುವ ಕರೆಂಟು ಮಿತಿಯಲ್ಲಿದೆಯೇ, ಮೂರರಲ್ಲಿಯೂ ಸಮನಾಗಿದೆಯೇ? ಇದಕ್ಕೆ ಕ್ಲ್ಯಾಂಪ್ ಮೀಟರು, ಅಂದರೆ ಟಾಂಗ್ ಟೆಸ್ಟರು.
3. ಕೇಬಲು ಮತ್ತು ವೈಂಡಿಂಗಿನ ನಿರೋಧಕ ಹೊದಿಕೆ ಚೆನ್ನಾಗಿದೆಯೇ? ಇದಕ್ಕೆ ಮೆಗ್ಗರ್.

ಈ ಮೂರರಲ್ಲಿ ಮೊದಲೆರಡು ಸೇರಿಕೊಂಡಿರುವ ಕ್ಲ್ಯಾಂಪ್ ಮೀಟರುಗಳು ಸಿಗುತ್ತವೆ. ಒಂದನ್ನೇ ಕೊಳ್ಳುವುದಾದರೆ ಅಂತಹದನ್ನು ಕೊಳ್ಳುವುದು ಸೂಕ್ತ. ಮೆಗ್ಗರ್ ಮನೆಗೊಂದು ಬೇಕಾಗಿಲ್ಲ, ಊರಿಗೊಂದು ಸಾಕು.

ಟೆಸ್ಟರು ಹೇಳುವ ಅರ್ಧ ಸತ್ಯ

ಬಹುತೇಕ ಪಂಪುಮನೆಗಳಲ್ಲಿ ಇರುವ ಏಕೈಕ ಪರೀಕ್ಷಾ ಸಾಧನವೆಂದರೆ ನಿಯಾನ್ ದೀಪದ ಸ್ಕ್ರೂಡ್ರೈವರ್ ಟೆಸ್ಟರು. ಅದನ್ನು ಹಿಡಿದವನ ದೇಹದ ಮೂಲಕ ಅತ್ಯಲ್ಪ ಕರೆಂಟು ಹರಿದು ದೀಪ ಹೊತ್ತುತ್ತದೆ. ಇದರಲ್ಲಿ ಮೂರು ಕೊರತೆಗಳಿವೆ. ಮೊದಲನೆಯದಾಗಿ, ನೂರು ವೋಲ್ಟು ಇದ್ದರೂ ದೀಪ ಹೊತ್ತುತ್ತದೆ, 230 ವೋಲ್ಟು ಇದ್ದರೂ ಹೊತ್ತುತ್ತದೆ. ಎರಡನೆಯದಾಗಿ, ಬಿಸಿಲಿನಲ್ಲಿ ಬೆಳಕು ಕಾಣುವುದಿಲ್ಲ. ಒಣ ಹಲಗೆಯ ಮೇಲೆ ನಿಂತಿದ್ದರೆ ಬೆಳಕು ಮಂಕಾಗುತ್ತದೆ. ಹೊತ್ತಲಿಲ್ಲವೆಂದ ಮಾತ್ರಕ್ಕೆ ವೈರು ಸತ್ತಿದೆ ಎಂದು ತಿಳಿದು ಮುಟ್ಟುವುದು ಪ್ರಾಣಕ್ಕೆ ಅಪಾಯ. ಮೂರನೆಯದು ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ. ಮೋಟಾರು ಓಡುತ್ತಿರುವಾಗ ಒಂದು ಫೇಸು ಕಡಿದರೂ, ಉಳಿದೆರಡು ಫೇಸುಗಳಿಂದ ವೈಂಡಿಂಗಿನ ಮೂಲಕ ವಿದ್ಯುತ್ತು ಹಿಂದಕ್ಕೆ ಬಂದು ಕಡಿದ ಫೇಸಿನಲ್ಲಿಯೂ ಟೆಸ್ಟರು ಹೊತ್ತುತ್ತದೆ. "ಮೂರೂ ಫೇಸು ಇದೆಯಲ್ಲ" ಎಂದು ರೈತ ನಿಶ್ಚಿಂತನಾಗಿರುವಾಗಲೇ ಮೋಟಾರು ಒಳಗೆ ಕಾಯುತ್ತಿರುತ್ತದೆ.

ಒಂದು ಫೇಸು ತಪ್ಪಿದಾಗ, ಹೊರೆ ಹೊತ್ತು ಓಡುತ್ತಿರುವ ಮೋಟಾರು ಉಳಿದೆರಡು ವೈರುಗಳಿಂದ ಸುಮಾರು 1.73 ಪಟ್ಟು ಕರೆಂಟು ಎಳೆಯುತ್ತದೆ. 7.5 ಆಂಪಿಯರ್ ಎಳೆಯಬೇಕಾದ ಮೋಟಾರು 13 ಆಂಪಿಯರ್ ಎಳೆದರೆ ವೈಂಡಿಂಗು ಬಹಳ ಹೊತ್ತು ತಾಳುವುದಿಲ್ಲ. ಇದನ್ನು ತಡೆಯುವ ಫೇಸು ತಪ್ಪಿದಾಗ ನಿಲ್ಲಿಸುವ ರಕ್ಷಕ ಮತ್ತು ಓವರ್‌ಲೋಡ್ ರಿಲೇ ಸ್ಟಾರ್ಟರಿನಲ್ಲಿ ಇರಲೇಬೇಕು. ರಿಲೇ ಪದೇ ಪದೇ ಬೀಳುತ್ತದೆಂದು ಅದನ್ನು ಕಟ್ಟಿಹಾಕುವುದು ಕಾವಲುಗಾರನ ಬಾಯಿ ಕಟ್ಟಿದಂತೆ.

ಮಲ್ಟಿಮೀಟರು ಕೊಳ್ಳುವಾಗ

ಕೆಲವು ನೂರು ರೂಪಾಯಿಗೆ ಸಿಗುವ ಅಗ್ಗದ ಮೀಟರುಗಳನ್ನು ಹವ್ಯಾಸಿಗಳು ಬ್ಯಾಟರಿಯ ಕೆಲಸಕ್ಕೆ ಧಾರಾಳವಾಗಿ ಬಳಸುತ್ತಾರೆ. ಆದರೆ ತಿಳಿದವರು ಅವನ್ನು ಮೂರು ಫೇಸಿನ ಲೈನಿಗೆ ತಾಗಿಸುವುದಿಲ್ಲ. ಕಾರಣ ಅಳತೆಯ ತಪ್ಪಲ್ಲ. ವೋಲ್ಟೇಜನ್ನು ಇವೂ ಬಹುಮಟ್ಟಿಗೆ ಸರಿಯಾಗಿಯೇ ತೋರಿಸುತ್ತವೆ. ಕೊರತೆ ಇರುವುದು ರಕ್ಷಣೆಯಲ್ಲಿ. ಲೈನಿನಲ್ಲಿ ಸಿಡಿಲಿನಿಂದಲೋ ಸ್ವಿಚ್ಚು ಹಾಕಿ ತೆಗೆಯುವುದರಿಂದಲೋ ಕ್ಷಣಮಾತ್ರ ಸಾವಿರಾರು ವೋಲ್ಟಿನ ಒತ್ತಡ ಬರಬಹುದು. ಅದನ್ನು ತಡೆಯುವ ಅಂತರ ಮತ್ತು ಫ್ಯೂಸು ಒಳಗಿಲ್ಲದಿದ್ದರೆ ಮೀಟರು ಕೈಯಲ್ಲಿಯೇ ಸಿಡಿಯುತ್ತದೆ.

ಆದುದರಿಂದ ಕೊಳ್ಳುವಾಗ ಈ ಅಂಶಗಳನ್ನು ಗಮನಿಸಬೇಕು.

ಅ) ಮೀಟರಿನ ಮೇಲೆ 'ಕ್ಯಾಟ್' ಎಂಬ ವರ್ಗದ ಗುರುತು ಇರುತ್ತದೆ. ಎರಡನೆಯ ವರ್ಗ ಮನೆಯ ಪ್ಲಗ್ಗಿಗೆ ಹಾಕುವ ಸಾಧನಗಳಿಗೆ; ಮೂರನೆಯದು ಕಟ್ಟಡದ ಸ್ಥಿರ ವೈರಿಂಗಿಗೆ; ನಾಲ್ಕನೆಯದು ಹೊರಗಿನ ಲೈನು ಬಂದು ಸೇರುವ ಜಾಗಕ್ಕೆ. ಕಂಬದಿಂದ ನೇರವಾಗಿ ವೈರು ಬರುವ ಪಂಪುಮನೆಗೆ ನಾಲ್ಕನೆಯ ವರ್ಗದ 600 ವೋಲ್ಟಿನ ಮೀಟರು ತಕ್ಕದ್ದು. ಗುರುತನ್ನು ಸುಳ್ಳಾಗಿ ಅಚ್ಚು ಹಾಕಿದ ಸರಕೂ ಪೇಟೆಯಲ್ಲಿರುವುದರಿಂದ ನಂಬಿಕೆಯ ಅಂಗಡಿಯಲ್ಲಿ ಬಿಲ್ಲಿನೊಂದಿಗೆ ಕೊಳ್ಳಬೇಕು.

ಆ) ಕರೆಂಟು ಅಳೆಯುವ 10 ಆಂಪಿಯರಿನ ತೂತಿಗೆ ಫ್ಯೂಸು ಇದೆಯೇ ನೋಡಬೇಕು. 'ಅನ್‌ಫ್ಯೂಸ್ಡ್' ಎಂದು ಬರೆದಿದ್ದರೆ ಇಲ್ಲವೆಂದು ಅರ್ಥ. ಗಾಜಿನ ಸಣ್ಣ ಫ್ಯೂಸಿಗಿಂತ ಮರಳು ತುಂಬಿದ ಪಿಂಗಾಣಿ ಫ್ಯೂಸು ಮೇಲು.

ಇ) ತಂತಿಗಳ ಹೊದಿಕೆ ದಪ್ಪವಾಗಿರಬೇಕು, ಕಡ್ಡಿಯ ತುದಿಯಲ್ಲಿ ಲೋಹ ಸ್ವಲ್ಪವೇ ಹೊರಗಿರಬೇಕು. ಲೋಹ ಉದ್ದವಾಗಿದ್ದರೆ ಎರಡು ಫೇಸುಗಳನ್ನು ಒಟ್ಟಿಗೆ ತಾಗಿಸಿ ಕಿಡಿ ಹಾರುವ ಸಂಭವವಿದೆ.

ಈ) ಹಳೆಯ ಮೀಟರು ಕೊಳ್ಳುವುದಾದರೆ ಬ್ಯಾಟರಿ ಸೋರಿ ಕಿಲುಬು ಹಿಡಿದಿದೆಯೇ, ಫ್ಯೂಸಿನ ಜಾಗಕ್ಕೆ ಯಾರಾದರೂ ತಂತಿ ಕಟ್ಟಿದ್ದಾರೆಯೇ ಎಂದು ಬಿಚ್ಚಿ ನೋಡಬೇಕು.

ಅಳೆಯುವಾಗ ಹೊಸಬರು ಮಾಡುವ ಅತಿ ದೊಡ್ಡ ತಪ್ಪು, ತಂತಿಯನ್ನು ಆಂಪಿಯರ್ ತೂತಿನಲ್ಲಿಯೇ ಬಿಟ್ಟು ವೋಲ್ಟೇಜು ಅಳೆಯಲು ಹೋಗುವುದು. ಆಗ ಮೀಟರು ಎರಡು ಫೇಸುಗಳ ನಡುವೆ ಇಟ್ಟ ಕಬ್ಬಿಣದ ಸರಳಿನಂತಾಗುತ್ತದೆ. ಪ್ರತಿ ಸಲವೂ ಗುಂಡಿ ಎಲ್ಲಿದೆ, ತಂತಿ ಎಲ್ಲಿದೆ ಎಂದು ನೋಡಿಯೇ ಮುಂದುವರಿಯಬೇಕು.

ಇನ್ನೊಂದು ಸಂಗತಿಯೂ ತಿಳಿದಿರಬೇಕು. ಡಿಜಿಟಲ್ ಮೀಟರು ಅತ್ಯಲ್ಪ ಕರೆಂಟಿನಿಂದ ಕೆಲಸ ಮಾಡುವುದರಿಂದ, ಜೀವಂತ ವೈರಿನ ಪಕ್ಕದಲ್ಲಿ ಹಾದುಹೋಗುವ ಕಡಿದ ವೈರಿನಲ್ಲಿಯೂ ಹಲವು ಹತ್ತು ವೋಲ್ಟು ತೋರಿಸಬಹುದು. ಇದನ್ನು ಹುಸಿ ವೋಲ್ಟೇಜು ಎನ್ನಬಹುದು. ಒಂದು ವೈರು ಮತ್ತು ನೆಲದ ನಡುವೆ ಅಳೆದು ತೀರ್ಮಾನಕ್ಕೆ ಬರದೆ, ಫೇಸಿನಿಂದ ಫೇಸಿಗೆ ಮೂರು ಜೋಡಿಗಳನ್ನೂ ಅಳೆಯಬೇಕು. ಪ್ರತಿ ಜೋಡಿಯಲ್ಲಿಯೂ ಸುಮಾರು 415 ವೋಲ್ಟು ಇರಬೇಕಾದದ್ದು ಕ್ರಮ.

ಉದಾಹರಣೆಗೆ ಮೂರು ಜೋಡಿಗಳಲ್ಲಿ 400, 410 ಮತ್ತು 390 ವೋಲ್ಟು ಬಂದಿತೆನ್ನೋಣ. ಸರಾಸರಿ 400. ಸರಾಸರಿಯಿಂದ ಅತಿ ಹೆಚ್ಚಿನ ವ್ಯತ್ಯಾಸ 10. ಅಂದರೆ ಅಸಮತೋಲ ಶೇ. 2.5. ಇದು ಅಲ್ಪವೆಂದು ಕಾಣುತ್ತದೆ. ಆದರೆ ಕರೆಂಟಿನ ಅಸಮತೋಲ ಇದರ 6ರಿಂದ 10 ಪಟ್ಟು ಆಗಬಲ್ಲದು, ವೈಂಡಿಂಗಿನ ಬಿಸಿ ಸುಮಾರು ಶೇ. 12ರಷ್ಟು ಏರುತ್ತದೆ. ಅಸಮತೋಲ ಶೇ. 5 ದಾಟಿದರೆ ಮೋಟಾರನ್ನು ಓಡಿಸಲೇಬಾರದು.

ಕ್ಲ್ಯಾಂಪ್ ಮೀಟರಿನ ಉಪಯೋಗ

ವೈರನ್ನು ಕತ್ತರಿಸದೆ, ಬಿಚ್ಚದೆ, ಹೊದಿಕೆಯ ಮೇಲಿಂದಲೇ ಕರೆಂಟು ಅಳೆಯುವ ಉಪಕರಣವಿದು. ಇದರ ದವಡೆಯೊಳಗೆ ಒಂದೇ ವೈರು ಇರಬೇಕು. ಹೊಸದಾಗಿ ಮೀಟರು ತಂದ ರೈತನು ಕೇಬಲನ್ನು ಇಡಿಯಾಗಿ ಹಿಡಿದು "ಇದು ಕೆಟ್ಟಿದೆ, ಸೊನ್ನೆ ತೋರಿಸುತ್ತೆ" ಎಂದರೆ, ಪಕ್ಕದ ಮನೆಯ ಹವ್ಯಾಸಿ ಹುಡುಗ "ಕೆಟ್ಟಿಲ್ಲ ಮಾವ, ಮೂರು ವೈರನ್ನೂ ಒಟ್ಟಿಗೆ ಹಿಡಿದಿದ್ದೀರಿ, ಒಂದೊಂದೇ ಹಿಡೀರಿ" ಎಂದು ತಿದ್ದಬೇಕಾಗುತ್ತದೆ. ಮೂರು ಫೇಸಿನ ಕರೆಂಟುಗಳು ಒಂದನ್ನೊಂದು ಕಳೆಯುವುದರಿಂದ ಒಟ್ಟು ಮೊತ್ತ ಸೊನ್ನೆಯಾಗುತ್ತದೆ.

ಸ್ಟಾರ್ ಡೆಲ್ಟಾ ಸ್ಟಾರ್ಟರಿನಿಂದ ಮೋಟಾರಿಗೆ ಆರು ವೈರುಗಳು ಹೋಗುತ್ತವೆ. ಅಲ್ಲಿ ಅಳೆದರೆ ಕರೆಂಟು ಕಡಿಮೆ ಕಾಣುತ್ತದೆ. ಆದುದರಿಂದ ಸ್ಟಾರ್ಟರಿಗೆ ಒಳಬರುವ ಮೂರು ವೈರುಗಳಲ್ಲಿ ಅಳೆಯಬೇಕು. ಇದೇ ಕಾರಣದಿಂದ, ರಿಲೇ ಈ ಆರು ವೈರುಗಳ ಸಾಲಿನಲ್ಲಿದ್ದರೆ ಅದನ್ನು ಫಲಕದ ಮೇಲಿನ ಪೂರ್ಣ ಕರೆಂಟಿನ ಶೇ. 58ಕ್ಕೆ ಹೊಂದಿಸಬೇಕಾಗುತ್ತದೆ.

ಮೂರು ಫೇಸಿನ ಮೋಟಾರು ಪೂರ್ಣ ಹೊರೆಯಲ್ಲಿ ಅಶ್ವಶಕ್ತಿಯೊಂದಕ್ಕೆ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತದೆ. 5 ಅಶ್ವಶಕ್ತಿಗೆ ಸುಮಾರು 7.5, 7.5 ಅಶ್ವಶಕ್ತಿಗೆ ಸುಮಾರು 11 ಆಂಪಿಯರ್ ಎಂದು ಅಂದಾಜು ಇಟ್ಟುಕೊಳ್ಳಬಹುದು. ಸಬ್‌ಮರ್ಸಿಬಲ್ ಮೋಟಾರುಗಳಲ್ಲಿ ಸ್ವಲ್ಪ ಹೆಚ್ಚು ಇರಬಹುದು. ಕೊನೆಯ ಮಾತು ಮೋಟಾರಿನ ಫಲಕದ್ದೇ. ಮೋಟಾರನ್ನು ಬಾವಿಗೆ ಇಳಿಸುವ ಮುಂಚೆ ಫಲಕದ ವಿವರವನ್ನು ಬರೆದಿಟ್ಟುಕೊಳ್ಳುವುದನ್ನು ಮರೆಯಬಾರದು.

ಓದಿದ ಅಂಕಿಗಳಿಂದ ತಿಳಿಯುವ ಅಂಶಗಳು ಹೀಗಿವೆ.

1. ಮೂರೂ ಸಮ, ಫಲಕದ ಮಿತಿಯೊಳಗೆ: ಪಂಪು ಆರೋಗ್ಯವಾಗಿದೆ.
2. ಒಂದರಲ್ಲಿ ಸೊನ್ನೆ, ಎರಡರಲ್ಲಿ ಹೆಚ್ಚು: ಫೇಸು ತಪ್ಪಿದೆ. ಕೂಡಲೇ ನಿಲ್ಲಿಸಬೇಕು.
3. ಮೂರೂ ಹೆಚ್ಚು: ವೋಲ್ಟೇಜು ಕಡಿಮೆ ಇರಬಹುದು, ಇಲ್ಲವೇ ಮರಳು ಸೇರಿ ಅಥವಾ ಬೇರಿಂಗು ಸವೆದು ಪಂಪು ಬಿಗಿಯಾಗಿರಬಹುದು.
4. ಮೂರೂ ಕಡಿಮೆ, ನೀರೂ ಕಡಿಮೆ: ಬಾವಿಯ ನೀರು ಇಳಿದಿರಬಹುದು, ಅಥವಾ ಪಂಪಿನ ಚಕ್ರ ಸವೆದಿರಬಹುದು. ನೀರಿಲ್ಲದೆ ಓಡಿಸಿದರೆ ಸಬ್‌ಮರ್ಸಿಬಲ್ ಪಂಪು ಕೆಡುತ್ತದೆ.
5. ಮೂರೂ ಅಸಮ: ಸರಾಸರಿಯಿಂದ ವ್ಯತ್ಯಾಸ ಶೇ. 5ರೊಳಗೆ ಇದ್ದರೆ ಚಿಂತೆಯಿಲ್ಲ, ಶೇ. 10 ದಾಟಿದರೆ ಕಾರಣ ಹುಡುಕಬೇಕು.

ಐದನೆಯ ಸ್ಥಿತಿಯಲ್ಲಿ ತಪ್ಪು ಲೈನಿನದೋ ಮೋಟಾರಿನದೋ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ನೇರ ಸ್ಟಾರ್ಟರ್ ಇರುವ ಕಡೆ ವಿದ್ಯುತ್ತನ್ನು ಸಂಪೂರ್ಣ ಕಡಿದು, ಮೋಟಾರಿಗೆ ಹೋಗುವ ಮೂರು ವೈರುಗಳನ್ನೂ ಒಂದೊಂದು ಸ್ಥಾನ ಮುಂದಕ್ಕೆ ಬದಲಿಸಿ ಇಲೆಕ್ಟ್ರಿಷಿಯನ್ ಮತ್ತೆ ಅಳೆಯಬೇಕು. ಮೂರನ್ನೂ ಒಂದೇ ಕ್ರಮದಲ್ಲಿ ಸರಿಸಿದರೆ ಮೋಟಾರು ತಿರುಗುವ ದಿಕ್ಕು ಬದಲಾಗುವುದಿಲ್ಲ. ಹೆಚ್ಚಿನ ಕರೆಂಟು ಮೊದಲಿನ ಲೈನಿನಲ್ಲಿಯೇ ಉಳಿದರೆ ತೊಂದರೆ ಸರಬರಾಜಿನದು. ಮೋಟಾರಿನ ವೈರಿನ ಜೊತೆ ಅದೂ ಸರಿದರೆ ತೊಂದರೆ ಮೋಟಾರು ಅಥವಾ ಕೇಬಲಿನದು. ಪೈಪು ಎತ್ತುವ ಮೊದಲು ಈ ಪರೀಕ್ಷೆ ಮಾಡಿದರೆ, ಲೈನಿನ ತಪ್ಪಿಗೆ ಬಾವಿಯಿಂದ ಒಳ್ಳೆಯ ಮೋಟಾರನ್ನು ಎತ್ತುವುದು ತಪ್ಪುತ್ತದೆ.

ಸೌರ ಪಂಪುಸೆಟ್ಟು ಇರುವವರು ನೇರ ವಿದ್ಯುತ್ತನ್ನೂ ಅಳೆಯುವ ಕ್ಲ್ಯಾಂಪ್ ಮೀಟರನ್ನೇ ಕೇಳಿ ಕೊಳ್ಳಬೇಕು. ಸಾಮಾನ್ಯ ಕ್ಲ್ಯಾಂಪ್ ಮೀಟರು ಪರ್ಯಾಯ ವಿದ್ಯುತ್ತನ್ನು ಮಾತ್ರ ಅಳೆಯುತ್ತದೆ. ಫಲಕಗಳ ಸಾಲಿನಲ್ಲಿ ಬಿಸಿಲಿರುವವರೆಗೆ ನೂರಾರು ವೋಲ್ಟು ಇರುತ್ತದೆ. ನೇರ ವಿದ್ಯುತ್ತಿನ ಕಿಡಿ ಸುಲಭವಾಗಿ ಆರದ ಕಾರಣ, ಓಡುತ್ತಿರುವಾಗ ಫಲಕದ ಜೋಡಣೆಯನ್ನು ಎಂದಿಗೂ ಬಿಡಿಸಬಾರದು.

ಮೆಗ್ಗರ್ ಏಕೆ ಬೇಕು?

ಮಲ್ಟಿಮೀಟರು ಕೆಲವೇ ವೋಲ್ಟಿನಿಂದ ಓಂ ಅಳೆಯುತ್ತದೆ. ಆ ಒತ್ತಡಕ್ಕೆ ಸೋರದ ಹೊದಿಕೆ 415 ವೋಲ್ಟಿಗೆ ಸೋರಬಹುದು. ಮೆಗ್ಗರ್ 500 ವೋಲ್ಟಿನ ನೇರ ವಿದ್ಯುತ್ತನ್ನು ಕೊಟ್ಟು ಪರೀಕ್ಷಿಸುವುದರಿಂದ ಸತ್ಯಸ್ಥಿತಿ ತಿಳಿಯುತ್ತದೆ. ಹೊಸ ಮೋಟಾರಿನಲ್ಲಿ ನೂರಾರು ಮೆಗಾ ಓಂ ಬರುತ್ತದೆ. ಕೇಬಲಿನೊಂದಿಗೆ ನೀರಿಗಿಳಿದು ಕೆಲವು ವರ್ಷವಾದ ಮೋಟಾರಿನಲ್ಲಿ ಕೆಲವೇ ಮೆಗಾ ಓಂ ಬಂದರೂ ಗಾಬರಿಯಾಗಬೇಕಿಲ್ಲ. 1 ಮೆಗಾ ಓಂಗಿಂತ ಕೆಳಗಿಳಿದರೆ ಎಚ್ಚರ ವಹಿಸಬೇಕು. ಒಂದು ಸಲದ ಅಂಕಿಗಿಂತ ಆರಾರು ತಿಂಗಳಿಗೊಮ್ಮೆ ಬರೆದಿಟ್ಟ ಅಂಕಿಗಳು ಇಳಿಯುವ ವೇಗ ಮುಖ್ಯ. ಬೇಗ ಇಳಿಯುತ್ತಿದ್ದರೆ ಬೆಳೆ ಇಲ್ಲದ ಕಾಲದಲ್ಲಿ ಪಂಪನ್ನು ಎತ್ತಿ ಕೇಬಲಿನ ಗಂಟು ನೋಡಿಸುವುದು ಜಾಣತನ.

ಮೆಗ್ಗರ್ ಹಿಡಿಯುವ ಮೊದಲು ಸ್ಟಾರ್ಟರಿನಿಂದ ಮೋಟಾರಿನ ವೈರುಗಳನ್ನು ಬಿಡಿಸಿರಬೇಕು. ಇಲ್ಲವಾದರೆ ಅದಕ್ಕೆ ಸೇರಿದ ಎಲೆಕ್ಟ್ರಾನಿಕ್ ಸಾಧನಗಳು ಸುಡಬಹುದು. ಪರೀಕ್ಷೆಯ ನಂತರ ವೈರುಗಳಲ್ಲಿ ಉಳಿದ ವಿದ್ಯುತ್ತನ್ನು ನೆಲಕ್ಕೆ ಇಳಿಸಬೇಕು. ಇದು ತಿಳಿದವರು ಮಾಡಬೇಕಾದ ಕೆಲಸ.

ಸಿಂಗಲ್ ಫೇಸ್ ಪಂಪಿನ ಕಂಡೆನ್ಸರು

ಅಡಿಕೆ ತೋಟ, ತರಕಾರಿ ಮಡಿಗಳಿಗೆ ಬಳಸುವ ಒಂದೆರಡು ಅಶ್ವಶಕ್ತಿಯ ಸಿಂಗಲ್ ಫೇಸ್ ಪಂಪುಗಳಲ್ಲಿ ಮೋಟಾರು ಗುಂಯ್‌ಗುಟ್ಟಿ ತಿರುಗದಿದ್ದರೆ ಅನೇಕ ಸಲ ಕೆಟ್ಟಿರುವುದು ಕಂಡೆನ್ಸರು ಮಾತ್ರ. ಹವ್ಯಾಸಿಗಳು ಬಳಸುವ ಮಲ್ಟಿಮೀಟರುಗಳಲ್ಲಿ ಹಲವಕ್ಕೆ ಇದನ್ನು ಅಳೆಯುವ ಸೌಲಭ್ಯವಿದೆ. ಸದಾ ಸೇರಿರುವ ಕಂಡೆನ್ಸರಿನ ಮೇಲೆ ಬರೆದ ಮೈಕ್ರೋ ಫ್ಯಾರಡ್ ಅಂಕಿಗಿಂತ ಶೇ. 10ಕ್ಕೂ ಹೆಚ್ಚು ಕಡಿಮೆ ಬಂದರೆ ಬದಲಿಸಬೇಕು. ವಿದ್ಯುತ್ತು ಕಡಿದ ಮೇಲೂ ಕಂಡೆನ್ಸರಿನಲ್ಲಿ ಶಕ್ತಿ ಉಳಿದಿರುತ್ತದೆ. ಅದನ್ನು ತಕ್ಕ ರೆಸಿಸ್ಟರಿನ ಮೂಲಕ ಖಾಲಿ ಮಾಡಿಯೇ ಮುಟ್ಟಬೇಕು.

ಹತಾರಗಳು

ಮೀಟರಿನ ಜೊತೆಗೆ ಹಿಡಿಕೆಯವರೆಗೂ ಹೊದಿಕೆ ಇರುವ ಸ್ಕ್ರೂಡ್ರೈವರುಗಳು, ವೈರಿನ ಸಿಪ್ಪೆ ತೆಗೆಯುವ ಸಾಧನ, ಲಗ್ಗುಗಳನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಇಕ್ಕಳ ಇವು ಇದ್ದರೆ ಸಾಕು. ಕಟ್ಟಿಂಗ್ ಪ್ಲೇಯರಿನಿಂದ ತಿರುಚಿದ ವೈರು ದಿನ ಕಳೆದಂತೆ ಸಡಿಲವಾಗಿ ಕಾಯುತ್ತದೆ. ಕಾದ ಸಡಿಲ ಜೋಡಣೆಯಲ್ಲಿ ವೋಲ್ಟೇಜು ಇಳಿದು ಫೇಸು ಅಸಮವಾಗುತ್ತದೆ. ಮೋಟಾರು ಸುಡುವ ಕಥೆ ಎಷ್ಟೋ ಸಲ ಹೀಗೆ ಒಂದು ಸಡಿಲ ತಿರುಪಿನಿಂದ ಪ್ರಾರಂಭವಾಗುತ್ತದೆ.

ಎಚ್ಚರಿಕೆಗಳು

1. ಪಂಪಿನ ಲೈನಿಗೆ ಗೊತ್ತಾದ ಕೆಲವೇ ಗಂಟೆ ಮೂರು ಫೇಸು ಬರುವುದರಿಂದ, ಈಗ ಕರೆಂಟು ಇಲ್ಲವೆಂದು ಸ್ಟಾರ್ಟರು ಬಿಚ್ಚಬಾರದು. ಕರೆಂಟು ಯಾವ ಕ್ಷಣದಲ್ಲಿಯೂ ಬರಬಹುದು. ಆಟೋಮ್ಯಾಟಿಕ್ ಇದ್ದರೆ ಮೋಟಾರೂ ಹೊರಡಬಹುದು. ಮೇನ್ ಸ್ವಿಚ್ಚನ್ನು ತೆಗೆದು, ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಕೈ ಹಾಕಬೇಕು.
2. ವೈರು ಸತ್ತಿದೆಯೆಂದು ಖಚಿತಪಡಿಸಿಕೊಳ್ಳಲು ಮೂರು ಹೆಜ್ಜೆ: ಮೊದಲು ಕರೆಂಟು ಇದೆಯೆಂದು ಗೊತ್ತಿರುವ ಜಾಗದಲ್ಲಿ ಮೀಟರನ್ನು ಪರೀಕ್ಷಿಸಬೇಕು, ಅನಂತರ ಕೆಲಸದ ವೈರನ್ನು ಅಳೆಯಬೇಕು, ಮತ್ತೆ ಗೊತ್ತಿರುವ ಜಾಗದಲ್ಲಿ ಪರೀಕ್ಷಿಸಬೇಕು. ನಡುವೆ ಮೀಟರೇ ಕೆಟ್ಟಿದ್ದರೆ ಮೂರನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ.
3. ಒದ್ದೆ ಕೈಯಲ್ಲಿ, ಕೆಸರು ನೆಲದಲ್ಲಿ, ಒಬ್ಬಂಟಿಯಾಗಿ ಅಳತೆ ಮಾಡಬಾರದು.
4. ಕಂಬ, ಟಿ.ಸಿ. ಮತ್ತು ಅದರ ಫ್ಯೂಸುಗಳು ವಿದ್ಯುತ್ ಸರಬರಾಜು ಸಂಸ್ಥೆಯವು. ಯಾವ ಮೀಟರು ಕೈಯಲ್ಲಿದ್ದರೂ ರೈತರು ಅವನ್ನು ಮುಟ್ಟತಕ್ಕದ್ದಲ್ಲ. ಅಳೆದ ಅಂಕಿಗಳನ್ನು ಬರೆದು ಲೈನ್‌ಮನ್ನರಿಗೆ ಕೊಡುವುದು ಸರಿಯಾದ ಮಾರ್ಗ.
5. ತೆರೆದ ಸ್ಟಾರ್ಟರಿನಲ್ಲಿ ಅಳೆಯಲು ಅಭ್ಯಾಸವಿಲ್ಲದವರು, ಫಲಕದಲ್ಲಿಯೇ ವೋಲ್ಟ್ ಮೀಟರು ಮತ್ತು ಆಮ್ಮೀಟರು ಇರುವ ಸ್ಟಾರ್ಟರನ್ನು ಹಾಕಿಸಿಕೊಳ್ಳುವುದು ಕ್ಷೇಮ. ವರ್ಷಕ್ಕೊಮ್ಮೆ ಇಲೆಕ್ಟ್ರಿಷಿಯನ್ನರಿಂದ ಅವನ್ನು ಕೈಮೀಟರಿನೊಂದಿಗೆ ಹೋಲಿಸಿ ನೋಡಿಸಬೇಕು.

ಕೊಂಡದ್ದನ್ನು ಹಂಚಿಕೊಳ್ಳುವ ಬಗೆ

ಹವ್ಯಾಸಿಗಳಿಂದ ಕಲಿಯಬೇಕಾದ ಕೊನೆಯ ಪಾಠ, ತಿಳಿದದ್ದನ್ನು ಹಂಚಿಕೊಳ್ಳುವುದು. ಹಾಲಿನ ಸಂಘದಲ್ಲಿಯೋ ರೈತ ಸಂಘದಲ್ಲಿಯೋ ಸೇರಿದಾಗ ಮೀಟರು ಕೊಂಡವರು ಅದನ್ನು ತಂದು ತೋರಿಸಬಹುದು. ಊರಿನ ಎರಡು ಮೂರು ಮೀಟರುಗಳಿಂದ ಒಂದೇ ಮೋಟಾರಿನ ಕರೆಂಟನ್ನು ಅಳೆದರೆ ಯಾವುದು ತಪ್ಪು ತೋರಿಸುತ್ತದೆಂಬುದು ಹೊರಬೀಳುತ್ತದೆ. ಹತ್ತು ಜನ ಸೇರಿ ಒಂದು ಮೆಗ್ಗರ್ ಕೊಂಡು, ಅದನ್ನು ಬಳಸಲು ಊರಿನ ಐ.ಟಿ.ಐ. ಓದಿದ ಯುವಕನಿಗೆ ವಹಿಸಬಹುದು. ಗ್ರಾಮಸೇವಕರು, ವಿಸ್ತರಣಾ ಕಾರ್ಯಕರ್ತರು ಇಂತಹ ಕೂಟವನ್ನು ಬೇಸಿಗೆ ಬೆಳೆಯ ಮುನ್ನ ಏರ್ಪಡಿಸಿದರೆ ಹೆಚ್ಚು ಪ್ರಯೋಜನವಾಗುತ್ತದೆ.

ಪ್ರತಿ ಪಂಪುಮನೆಯಲ್ಲಿಯೂ ಒಂದು ನೋಟುಪುಸ್ತಕ ತೂಗುಹಾಕಿರಬೇಕು. ತಿಂಗಳಿಗೊಮ್ಮೆ ತಾರೀಖು, ಮೂರು ವೋಲ್ಟೇಜು, ಮೂರು ಕರೆಂಟು ಮತ್ತು 200 ಲೀಟರಿನ ಡ್ರಮ್ಮು ತುಂಬಲು ಹಿಡಿದ ಸೆಕೆಂಡುಗಳನ್ನು ಅದರಲ್ಲಿ ಬರೆಯಬೇಕು. ಡ್ರಮ್ಮು 40 ಸೆಕೆಂಡಿನಲ್ಲಿ ತುಂಬಿದರೆ ಪಂಪು ಸೆಕೆಂಡಿಗೆ 5 ಲೀಟರ್ ಕೊಡುತ್ತಿದೆ ಎಂದಾಯಿತು. ಒಂದು ಎಕರೆಗೆ 5 ಸೆಂಟಿಮೀಟರ್ ಆಳದ ನೀರು ಕೊಡಲು ಇದಕ್ಕೆ 11 ಗಂಟೆಗೂ ಸ್ವಲ್ಪ ಹೆಚ್ಚು ಕಾಲ ಬೇಕು. ಅದೇ ಡ್ರಮ್ಮು ತುಂಬಲು 60 ಸೆಕೆಂಡು ಹಿಡಿದರೆ 17 ಗಂಟೆ ಬೇಕಾಗುತ್ತದೆ. ದಿನಕ್ಕೆ ಸಿಗುವ ಕರೆಂಟಿನಲ್ಲಿ ಎಷ್ಟು ಎಕರೆಗೆ ನೀರು ಮುಟ್ಟಿಸಬಹುದೆಂಬುದನ್ನು ಈ ಲೆಕ್ಕದಿಂದ ಬಿತ್ತನೆಗೆ ಮೊದಲೇ ತಿಳಿಯಬಹುದು.

ಒಟ್ಟಿನಲ್ಲಿ, ಉಪಕರಣವನ್ನು ಅಂದಕ್ಕಾಗಲಿ ಅಗ್ಗವೆಂದಾಗಲಿ ಕೊಳ್ಳದೆ, ತನ್ನ ಪ್ರಶ್ನೆಗೆ ಉತ್ತರ ಕೊಡುವುದನ್ನು ಮಾತ್ರ ಕೊಳ್ಳಬೇಕು. ಅದರ ಮಿತಿಯನ್ನು ತಿಳಿದು ಬಳಸಬೇಕು. ಅನುಭವವನ್ನು ನೆರೆಯವರಿಗೆ ಹೇಳಬೇಕು. ತೆನೆ ಮೂಡುವ ವಾರದಲ್ಲಿ ಮೋಟಾರು ನಿಲ್ಲದೆ ನೀರೆತ್ತಿದರೆ ಮೀಟರಿಗೆ ಕೊಟ್ಟ ಹಣ ಆ ಒಂದೇ ಬೆಳೆಯಲ್ಲಿ ಮರಳಿ ಬರುತ್ತದೆ. ಪಂಪುಮನೆಗೆ ಹೋದವರು ಸುರಕ್ಷಿತವಾಗಿ ಮನೆಗೆ ಹಿಂದಿರುಗುವುದು ಆ ಲಾಭಕ್ಕಿಂತಲೂ ದೊಡ್ಡದು. ಆದುದರಿಂದ ರೈತ ಬಾಂಧವರು ಮೇಲಿನ ಎಚ್ಚರಿಕೆಗಳನ್ನು ಪಂಪುಮನೆಯ ಗೋಡೆಯ ಮೇಲೆ ಬರೆಸಿ, ಮನೆಯವರಿಗೂ ಆಳುಕಾಳುಗಳಿಗೂ ತಿಳಿಸಿಕೊಡುವುದು ಅತ್ಯಗತ್ಯ.